ಅವರು ನಿಮಗೆ ಏನಾಗಬೇಕು?

ನಮ್ಮ ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಸಂಸ್ಕಾರದ ಭಾನುವಾರ, ಕರ್ತನ ಮೇಜಿನ ರೊಟ್ಟಿ ದ್ರಾಕ್ಷಾರಸ ತಗೊಳ್ಳೋ ದಿನ, ಸಮಾಧಾನ ಕೊಡೋದು ಅಂತ ಇದೆ. ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದವರಿಗೆ ಹೇಳ್ಬೇಕಾಗಿಲ್ಲ, ಬೇರೆಯವರಿಗೋಸ್ಕರ ಒಂದ್ ಸಾಲು: ಅಯ್ಯನವರು (ಪಾದ್ರಿ) ಆಲ್ಟರ್ ಹತ್ರ ಶುರು ಮಾಡ್ತಾರೆ, ಕೊಡೋರು ತಮ್ಮ ಬಲ ಅಂಗೈನ ತಗೊಳ್ಳೋರ ಬಲ ಅಂಗೈಗೆ ಇಡ್ತಾರೆ, ಇಬ್ರೂ ಎಡಗೈನ ಮೇಲಿಂದ ಮುಚ್ತಾರೆ, ಹಂಗೇ ಒಬ್ಬರಿಂದ ಒಬ್ಬರಿಗೆ, ಬೆಂಚಿನಿಂದ ಬೆಂಚಿಗೆ, ಬಾಗಿಲವರೆಗೂ ಬರುತ್ತೆ. 1947ರಲ್ಲಿ ಸಭೆಗಳೆಲ್ಲಾ ಸೇರಿ ಸಿಎಸ್‌ಐ ಆಯ್ತಲ್ಲ, ಆಮೇಲೆ 1950ರ ಸುಮಾರಿಗೆ ಹೊಸ ಆರಾಧನಾ ಕ್ರಮ ಮಾಡ್ಕೊಂಡಾಗ ಕೇರಳದ ಸಿರಿಯನ್ ಕ್ರೈಸ್ತರ ಹಳೇ ರೂಢಿ ನೋಡಿ ಇದನ್ನ ಸೇರಿಸ್ಕೊಂಡಿದ್ದು. ಚಿಕ್ಕವಳಿದ್ದಾಗ ತುಮಕೂರಲ್ಲಿ ನಮಗೆಲ್ಲಾ ಅದೊಂಥರ ಆಟ, ಯಾರ ಕೈ ತಣ್ಣಗಿದೆ ಯಾರದ್ದು ಬೆವರಿದೆ ಅಂತ ಆಮೇಲೆ ಹೇಳ್ಕೊಂಡು ನಗ್ತಿದ್ವಿ.

ಬೆಂಗಳೂರಿಗೆ ಬಂದ್ಮೇಲೆ ಸೇರಿದ ಸಭೆ ದೊಡ್ಡದು. ಬೆಳಗಿನ ಆರಾಧನೆಗೇ ಆರು ನೂರು ಏಳು ನೂರು ಜನ. ಹೆಂಗಸರ ಕಡೆ ಹನ್ನೊಂದನೇ ಬೆಂಚಲ್ಲಿ, ಕಂಬದ ಪಕ್ಕ, ಹೆಚ್ಚೂಕಮ್ಮಿ ಆರು ವರ್ಷ ನಾನು ಒಬ್ಬ ಆಂಟಿ ಪಕ್ಕ ಕೂತಿದ್ದೀನಿ. ಸಮಾಧಾನ ನನಗೆ ಬರ್ತಿದ್ದಿದ್ದು ಅವರ ಕೈಯಿಂದಲೇ. ತೋರುಬೆರಳಿನ ತುದಿ ಗಟ್ಟಿ, ಒರಟು, ಹೊಲಿಗೆಯವರ ಬೆರಳು. ಉಂಗುರ ಸಡಿಲ ಆಗಿತ್ತು ಅಂತ ಒಳಗಡೆ ಬಿಳಿ ದಾರ ಸುತ್ಕೊಂಡಿದ್ರು, ಆ ದಾರ ಕಪ್ಪಾದಾಗ ಬದಲಾಯಿಸ್ತಿದ್ರು, ಅದೂ ನನಗೆ ಗೊತ್ತಾಗ್ತಿತ್ತು. ಹೆಸರು ಗೊತ್ತಿರ್ಲಿಲ್ಲ. ಮೊದಲ ವರ್ಷ ಕೇಳ್ಬೋದಿತ್ತು, ಮೂರನೇ ವರ್ಷ ಕೇಳೋಕೆ ನಾಚಿಕೆ, ಐದನೇ ವರ್ಷ ಕೇಳಿದ್ರೆ ಅವಮಾನ ಮಾಡಿದಂಗೆ. ನಿಮಗೂ ಹಿಂಗಾಗಿರುತ್ತೆ.

2016ರಲ್ಲಿ ಒಂದಿನ ಪ್ರಕಟಣೆ ಓದುವಾಗ ಕರ್ತನಲ್ಲಿ ನಿದ್ರೆಹೋದ ಇಬ್ಬರು ಮೂವರ ಹೆಸರು ಬಂತು. ಎಲ್ಲರ ಹಾಗೆ ನಾನೂ ಎದ್ದು ನಿಂತೆ, ಕೂತೆ. ಸಮಾಧಾನದ ಹೊತ್ತಿಗೆ ನನ್ನ ಎಡಗಡೆ ಜಾಗ ಖಾಲಿ, ಅದರಾಚೆ ಕೂತಿದ್ದೋರು ಬಗ್ಗಿ ಕೈ ಚಾಚಿದ್ರು. ಆರಾಧನೆ ಮುಗಿದ್ಮೇಲೆ ಅವರೇ ಹೇಳಿದ್ದು, ಅದೇ ನಿಮ್ಮ ಪಕ್ಕ ಕೂರ್ತಿದ್ರಲ್ಲಮ್ಮ, ಬುಧವಾರ ಮಣ್ಣಾಯ್ತು ಅಂತ. ಅವರು ಮೂರು ವಾರದಿಂದ ಬಂದಿರ್ಲಿಲ್ಲ ಅನ್ನೋದು ಆಗ ಹೊಳೀತು. ಆ ಮೂರು ವಾರ ನನಗೆ ಸಮಾಧಾನ ಯಾರು ಕೊಟ್ರು? ನೆನಪೇ ಇಲ್ಲ.

ಇದಾಗಿ ಎಷ್ಟು ದಿನ ಆದ್ರೂ ತಲೆಯಿಂದ ಹೋಗ್ಲಿಲ್ಲ. ತಪ್ಪು ಸಭೇದಾ ನಂದಾ ಅಂತ ನನ್ನಲ್ಲೇ ಜಗಳ. ಸುಲಭದ ಉತ್ತರ, ಸಭೇದು ಅಂತ ತೀರ್ಮಾನ ಮಾಡ್ದೆ.

ಚಪಾತಿ, ದ್ರಾಕ್ಷಿ ರಸ, ಹದಿನಾಲ್ಕು ಜನ

ಆಗ ನಮ್ಮ ಆಫೀಸಿನ ಒಬ್ಬರು ಕಾಟೇಜ್ ಪ್ರೇಯರ್‌ಗೆ ಬನ್ನಿ ಅಂತ ಕರೀತಾನೇ ಇದ್ರು. 2017ರ ಶುರುವಲ್ಲಿ ಹೋದೆ. ಮಾಗಡಿ ರೋಡ್ ಕಡೆ, ಒಂದು ಮನೆಯ ಮೊದಲ ಮಹಡಿ, ಎರಡು ಬೆಡ್‌ರೂಮಿಂದು. ಹಾಲ್‌ನಲ್ಲಿ ಟಿವಿಗೆ ಬೆಡ್‌ಶೀಟ್ ಮುಚ್ಚಿ ಅದರ ಮುಂದೆ ಒಂದು ಟೀಪಾಯಿ, ಪ್ಲಾಸ್ಟಿಕ್ ಕುರ್ಚಿ ಎಂಟು, ಉಳಿದೋರಿಗೆ ಚಾಪೆ. ನನ್ನನ್ನ ಸೇರಿಸಿ ಹದಿನಾಲ್ಕು ಜನ. ನಡೆಸೋ ಬ್ರದರ್ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ರಾತ್ರಿ ಪಾಳಿ ಮುಗಿಸಿ ಬಂದು ಮುಖ ತೊಳ್ಕೊಂಡು ಸೀದಾ ವಾಕ್ಯ ಹೇಳೋಕೆ ಕೂರ್ತಿದ್ರು. ಗಡಿಯಾರ ಇತ್ತು, ಯಾರೂ ನೋಡ್ತಿರ್ಲಿಲ್ಲ. ಬೈಬಲ್ಲಲ್ಲಿ ಅಪೊಸ್ತಲ ಪೌಲ ತ್ರೋವ ಅನ್ನೋ ಊರಲ್ಲಿ ಮಧ್ಯರಾತ್ರಿವರೆಗೆ ಮಾತಾಡಿ, ಯೂತಿಖ ಅನ್ನೋ ಹುಡುಗ ಕಿಟಕಿಯಲ್ಲಿ ಕೂತಲ್ಲೇ ತೂಕಡಿಸಿ ಮೂರನೇ ಅಂತಸ್ತಿಂದ ಬಿದ್ದ ಕಥೆ ಇದೆಯಲ್ಲ, ಆ ಹುಡುಗನ ಮೇಲೆ ನನಗೆ ಅಲ್ಲಿ ಪ್ರೀತಿ ಹುಟ್ತು.

ಅಲ್ಲಿ ಒಬ್ಬ ಅಜ್ಜಿ ಇದ್ರು. ಅವರ ಬಗ್ಗೆ ಕೊನೇಲಿ ಮತ್ತೆ ಬರ್ತೀನಿ. ಮಕ್ಕಳಿಲ್ಲ, ಗಂಡ ಹೋಗಿ ಎಷ್ಟೋ ವರ್ಷ, ಮೊದಲು ಗಾರ್ಮೆಂಟ್ಸ್‌ನಲ್ಲಿದ್ರು, ಈಗ ಹತ್ರದಲ್ಲೇ ಒಂದು ರೂಮು. ಕರ್ತನ ಮೇಜಿಗೆ ರೊಟ್ಟಿ ಅವರದ್ದು, ಅಂದ್ರೆ ಚಪಾತಿ. ಶನಿವಾರ ರಾತ್ರಿ ಕಪ್ಪು ದ್ರಾಕ್ಷಿ ಕುದಿಸಿ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಡಬ್ಬಿಗೆ ಹಾಕಿಡೋರು. ಭಾನುವಾರ ಬೆಳಗ್ಗೆ ಆ ಮನೆ ಅಡುಗೆಮನೆಯಲ್ಲೇ ಹಿಟ್ಟು ಕಲಸೋದು, ಉಪ್ಪು ಹಾಕದೇ, ಎಣ್ಣೆ ಹಾಕದೇ, ಒಂದೇ ಒಂದು ದೊಡ್ಡ ಚಪಾತಿ. ಬೇಯಿಸುವಾಗ ಉಬ್ಬಿದ್ರೆ ಚಮಚದಲ್ಲಿ ಒತ್ತಿ ಚಪ್ಪಟೆ ಮಾಡ್ತಿದ್ರು. ಯಾಕಜ್ಜಿ, ಉಬ್ಬಲಿ ಬಿಡಿ ಅಂದೆ ಒಂದ್ಸಲ. 'ಹುಳಿ ಇಲ್ದೇ ಇರೋ ರೊಟ್ಟಿ ಕಣಮ್ಮ ಇದು, ಯಾಕೆ ಉಬ್ಬಬೇಕು' ಅಂದ್ರು. ಬ್ರದರ್ ಅದನ್ನ ಮುರಿಯುವಾಗ ಆವಿ ಬರ್ತಿತ್ತು. ದೊಡ್ಡ ಸಭೆಯಲ್ಲಿ ನಾಲಿಗೆಗೆ ಅಂಟಿಕೊಳ್ಳೋ ಕಾಗದದಂಥ ಬಿಲ್ಲೆ ತಿಂದು ಬೆಳೆದೋಳಿಗೆ ಬಿಸಿ ರೊಟ್ಟಿ ಕೈಗೆ ಬಂದಾಗ ಏನಾಯ್ತು ಅಂತ ಬರೆಯೋಕೆ ಬರಲ್ಲ.

ಎರಡು ವಾರ ಜ್ವರ ಅಂತ ಹೋಗ್ಲಿಲ್ಲ. ಎರಡನೇ ಮಂಗಳವಾರ ಬಾಗಿಲು ಬಡೀತು, ಬ್ರದರ್ ಹೆಂಡತಿ ಮತ್ತೆ ಅಜ್ಜಿ, ಕೈಯಲ್ಲಿ ಮೂಸಂಬಿ, ಎರಡು ಬಸ್ ಬದಲಾಯಿಸಿ ಬಂದಿದ್ರು. ಅದರ ಮುಂದಿನ ವರ್ಷ ನಮ್ಮನೆಯವರಿಗೆ ಎದೆನೋವು ಬಂದು ಐಸಿಯುನಲ್ಲಿ ಮಲಗಿಸಿದಾಗ ಆ ಬ್ರದರ್ ಮೂರು ರಾತ್ರಿ ಆಸ್ಪತ್ರೆ ವರಾಂಡದಲ್ಲಿ ಪೇಪರ್ ಹಾಸ್ಕೊಂಡು ಮಲಗಿದ್ರು, ರಜ ಹಾಕಿ, ಸಂಬಳ ಕಟ್ ಮಾಡಿಸ್ಕೊಂಡು. ಒಂದು ವಿಷಯ ಹೇಳ್ಲೇಬೇಕು, ನಮ್ಮನೆಯವರು ಆ ಮನೆಸಭೆಗೆ ಒಂದಿನಾನೂ ಕಾಲಿಟ್ಟೋರಲ್ಲ. ಅವರು ಹಳೇ ಸಭೆಗೇ ಒಬ್ಬರೇ ಹೋಗಿ ಬರ್ತಿದ್ರು, ಮನೆ ಚಂದಾ ಕಟ್ತಿದ್ರು. ಯಾಕ್ರೀ ಅಂದ್ರೆ 'ಅಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ, ಅದಕ್ಕೇ ಹೋಗ್ತೀನಿ' ಅಂತಿದ್ರು. ಇದೂ ಒಂದು ಕಾರಣನಾ ಅಂತ ನಾನು ಆಡ್ಕೊಂಡಿದ್ದೀನಿ.

ಫೆಲೋಶಿಪ್ ಅಂತ ಈಗ ಎಲ್ಲರೂ ಅಂತಾರಲ್ಲ, ನಮ್ಮ ಸತ್ಯವೇದದಲ್ಲಿ (ಕನ್ನಡ ಬೈಬಲ್ಲಲ್ಲಿ) ಅದಕ್ಕೆ ಅನ್ಯೋನ್ಯತೆ ಅಂತ ಹಾಕಿದ್ದಾರೆ. ಮಾತಲ್ಲಿ ಆ ಪದ ನಾವು ಗಂಡಹೆಂಡ್ತಿಗೆ ಮಾತ್ರ ಬಳಸೋದು, ಅವರಿಬ್ಬರೂ ಅನ್ಯೋನ್ಯವಾಗಿದ್ದಾರೆ ಅಂತ. ಆರುನೂರು ಜನದ ಜೊತೆ ಅನ್ಯೋನ್ಯವಾಗಿರೋದು ಆಗೋ ಮಾತಾ? ಹದಿನಾಲ್ಕು ಜನದ ಜೊತೆ ಆಗುತ್ತೆ ಅಂತ ಆ ಆಸ್ಪತ್ರೆ ವರಾಂಡದಲ್ಲಿ ನನಗೆ ಖಾತ್ರಿಯಾಯ್ತು. ಗಂಡಹೆಂಡ್ತಿ ಜಗಳ ಹೆಂಗಿರುತ್ತೆ ಅಂತಾನೂ ಅವಾಗ್ಲೇ ಯೋಚ್ನೆ ಮಾಡ್ಬೇಕಿತ್ತು.

ಗೋಡೆ ಒಡೆದೋರು

ಮನೆಸಭೆಯೋರು ಮಾತೆತ್ತಿದ್ರೆ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ಅಂತಾರೆ, ಮನೆಮನೆಗಳಲ್ಲಿ ರೊಟ್ಟಿ ಮುರೀತಿದ್ರು ಅಂತ. ನಿಜ. ಅಕ್ವಿಲ ಪ್ರಿಸ್ಕರ ಮನೆಯಲ್ಲಿ ಸಭೆ ಇತ್ತು, ಫಿಲೆಮೋನನ ಮನೆಯಲ್ಲಿ ಇತ್ತು, ನುಂಫ ಅನ್ನೋರ ಮನೆಯಲ್ಲಿ ಇತ್ತು. ಆದ್ರೆ ಅದೇ 46ನೇ ವಚನ ಪೂರ್ತಿ ಓದಿದ್ರೆ ಮೊದಲು ಬರೋದು ದೇವಾಲಯದಲ್ಲಿ ದಿನಾ ಕೂಡಿ ಬರ್ತಿದ್ರು ಅನ್ನೋದು, ಆಮೇಲೆ ಮನೆಮನೆ. ಆ ಅರ್ಧನ ನಮ್ಮ ಬ್ರದರ್ ಯಾವತ್ತೂ ಜೋರಾಗಿ ಓದಿದ್ದು ನಾನು ಕೇಳಿಲ್ಲ. ದೊಡ್ಡ ಸಭೆಯ ಅಯ್ಯನವರು ಉಳಿದರ್ಧ ಓದಿದ್ದೂ ಕೇಳಿಲ್ಲ ಬಿಡಿ.

ಇನ್ನೊಂದು, ಮನೆಸಭೆ ಬಗ್ಗೆ ಮೊದಲ ದೂರು ಬರೆದಿರೋದು ಪೌಲನೇ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯ ಬರೀ ಸಂಸ್ಕಾರದ ದಿನ ಓದೋ ನಾಲ್ಕು ವಚನ ಅಂದ್ಕೊಂಡಿದ್ದೆ, ಅದರ ಹಿಂದಿನ ಸಾಲು ನೋಡಿದ್ರೆ ಬೈಗುಳ. ಉಳ್ಳೋರು ತಮ್ಮ ಊಟ ಮೊದಲೇ ಮಾಡ್ಕೊಂಡು ಬಿಡ್ತಾರೆ, ಒಬ್ಬ ಹಸ್ಕೊಂಡಿರ್ತಾನೆ, ಇನ್ನೊಬ್ಬನಿಗೆ ಕುಡಿದು ಅಮಲೇರಿರುತ್ತೆ, ಇಲ್ಲದೋರಿಗೆ ನಾಚಿಕೆ ಆಗೋ ಹಂಗೆ ಮಾಡ್ತೀರಲ್ಲಾ ಅಂತ. ಇದು ನಡೆದಿದ್ದು ಕಂಬ ಇರೋ ಕಟ್ಟಡದಲ್ಲಲ್ಲ, ಯಾರದ್ದೋ ಮನೆಯಲ್ಲಿ. ಮನೆ ಅಂದ್ಮೇಲೆ ಅದಕ್ಕೊಬ್ಬ ಯಜಮಾನ, ಅವನ ಊಟದ ಹೊತ್ತು, ಅವನ ನೆಂಟರು.

ಸಿರಿಯಾದಲ್ಲಿ ಯೂಫ್ರೆಟಿಸ್ ನದಿ ದಡದಲ್ಲಿ ದೂರಾ ಯೂರೋಪಾಸ್ ಅಂತ ಹಾಳೂರು ಇದೆ. ಅಲ್ಲಿ 1930ರ ದಶಕದಲ್ಲಿ ಅಗೆದಾಗ ಒಂದು ಮನೆಸಭೆ ಸಿಕ್ತು, ಸುಮಾರು 240ನೇ ಇಸವಿ ಹೊತ್ತಿಗೆ ಸಭೆ ಮಾಡ್ಕೊಂಡಿದ್ದು. ಹೊರಗಿಂದ ಪಕ್ಕದ ಮನೆಗಳ ಥರಾನೇ ಒಂದು ಮನೆ. ಒಳಗೆ ದೀಕ್ಷಾಸ್ನಾನಕ್ಕೆ ಒಂದು ಕೋಣೆ, ಗೋಡೆ ಮೇಲೆ ಕುರಿ ಹೊತ್ತ ಕುರುಬ, ನೀರಿನ ಮೇಲೆ ನಡೆಯೋ ಯೇಸು. ಶತ್ರು ಬರ್ತಾರೆ ಅಂತ ಊರಿನ ಕೋಟೆಗೋಡೆ ಗಟ್ಟಿ ಮಾಡೋಕೆ ಪಕ್ಕದ ಮನೆಗಳಿಗೆಲ್ಲಾ ಮಣ್ಣು ತುಂಬಿದ್ರಂತೆ, ಸುಮಾರು 256ರಲ್ಲಿ ಊರು ಬಿತ್ತು, ಮಣ್ಣೊಳಗಿದ್ದ ಚಿತ್ರ ಉಳೀತು. ನನ್ನ ತಲೇಲಿ ಉಳಿದಿದ್ದು ಬೇರೆ ಸಂಗತಿ. ಆ ಮನೆಯೋರು ಎರಡು ಕೋಣೆ ನಡುವಿನ ಗೋಡೆ ಒಡೆದು ಒಂದು ಹಾಲ್ ಮಾಡ್ಕೊಂಡಿದ್ರು. ಕ್ರೈಸ್ತರ ಬೆನ್ನಿಗೆ ನಿಂತ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೀನ್ ಇನ್ನೂ ಹುಟ್ಟಿರ್ಲಿಲ್ಲ, ಕ್ರೈಸ್ತರಿಗೆ ಸರ್ಕಾರದ ಬೆಂಬಲ ಇಲ್ಲ, ಆಗಲೇ ಜಾಗ ಸಾಲಲ್ಲ ಅಂತ ಗೋಡೆ ಒಡೀತಿದ್ರು. ದೊಡ್ಡ ಸಭೆ ಅನ್ನೋದು ರಾಜರು ಬಂದ್ಮೇಲೆ ಕೆಟ್ಟಿದ್ದು ಅಂತ ಮನೆಸಭೆಯೋರು ಹೇಳ್ತಾರಲ್ಲ, ಅಷ್ಟು ಸರಳ ಇಲ್ಲ.

ಇದಕ್ಕೆ ಉಲ್ಟಾ ಕಥೆ ನಮ್ಮ ಮನೆತನದ್ದೇ. ತುಮಕೂರು, ಗುಬ್ಬಿ, ಮೈಸೂರು ಕಡೆಯೋರು ನಾವೆಲ್ಲಾ ವೆಸ್ಲಿಯನ್ ಮಿಷನ್ನಿನ, ಅಂದ್ರೆ ಇಂಗ್ಲೆಂಡಿನ ಜಾನ್ ವೆಸ್ಲಿಯವರ ಮೆಥಡಿಸ್ಟ್ ಪಂಥದ ಮೊಮ್ಮಕ್ಕಳು. (ಬೆಂಗಳೂರಿನೋರು ದಿನಾ ಹಡ್ಸನ್ ಸರ್ಕಲ್ ದಾಟ್ತಾರೆ, ಆ ಹಡ್ಸನ್ ವೆಸ್ಲಿಯನ್ ಮಿಷನರಿ ಅಂತ ಎಷ್ಟು ಜನಕ್ಕೆ ಗೊತ್ತೋ. ನಾನು ಹೋಗೋ ಸಭೆ ಅದಲ್ಲ, ಊಹೆ ಮಾಡ್ಬೇಡಿ.) ಅಜ್ಜಿ, ಅಂದ್ರೆ ನನ್ನ ಸ್ವಂತ ಅಜ್ಜಿ, ತಮ್ಮಮ್ಮ ಕ್ಲಾಸಿಗೆ ಹೋಗ್ತಿದ್ರು ಅನ್ನೋರು, ನಾನು ಇಸ್ಕೂಲು ಅಂದ್ಕೊಂಡಿದ್ದೆ. ಆ ಕ್ಲಾಸ್ ಅಂದ್ರೆ ಹನ್ನೆರಡು ಜನರ ಗುಂಪು, ಅದಕ್ಕೊಬ್ಬ ನಾಯಕ. ಅದು ಹುಟ್ಟಿದ್ದು ಪ್ರೀತಿಗಲ್ಲ, ಸಾಲಕ್ಕೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವೆಸ್ಲಿಯವರ ಕಡೆಯೋರು ಸಭಾಮಂದಿರ ಕಟ್ಟಿ ಸಾಲ ಮಾಡ್ಕೊಂಡಿದ್ರು. ತೀರಿಸೋದು ಹೆಂಗೆ ಅಂತ ಕೂತಾಗ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡ್ಲಿ ಅಂದ ಒಬ್ಬ. ಬಡವರು ಎಲ್ಲಿಂದ ತರ್ತಾರೆ ಅಂದ್ರೆ, ಅವನೇ, ಹನ್ನೊಂದು ಜನ ಕಡುಬಡವರನ್ನ ನನ್ನ ಲೆಕ್ಕಕ್ಕೆ ಹಾಕಿ, ಅವರ ಕೈಲಿ ಆದ್ರೆ ಸರಿ, ಆಗದಿದ್ರೆ ಅವರದ್ದೂ ನಾನೇ ಕೊಡ್ತೀನಿ ಅಂದನಂತೆ. ಹಂಗೆ ಪೆನ್ನಿ ಎತ್ತೋಕೆ ಮನೆಮನೆಗೆ ಹೋದೋರು, ಒಬ್ಬ ಹಾಸಿಗೆ ಹಿಡಿದಿದ್ದಾನೆ, ಇನ್ನೊಬ್ಬ ಹೆಂಡ್ತಿಗೆ ಹೊಡೀತಿದ್ದಾನೆ ಅಂತೆಲ್ಲಾ ನೋಡ್ಕೊಂಡು ಬಂದ್ರು. ಅಲ್ಲಿಂದ ಅದು ಒಬ್ಬರನ್ನೊಬ್ಬರು ನೋಡ್ಕೊಳ್ಳೋ ಕೂಟ ಆಯ್ತು. ಅಂದ್ರೆ ಆ ಸಣ್ಣ ಗುಂಪು ಹುಟ್ಟಿದ್ದೇ ದೊಡ್ಡ ಕಟ್ಟಡದ ಸಾಲದಿಂದ. ನಮ್ಮ ಇವತ್ತಿನ ಚಂದಾ ಪುಸ್ತಕ ನೋಡಿದಾಗೆಲ್ಲಾ ನನಗೆ ಇದು ನೆನಪಾಗುತ್ತೆ, ದುಡ್ಡು ಎತ್ತೋದು ಉಳ್ಕೊಂಡಿದೆ, ಮನೆಗೆ ಬರೋದು ಹೋಗಿದೆ.

ನಾಲ್ಕಡಿ ದೂರದ ಪ್ರಸಂಗ

ಮನೆಸಭೆಯಲ್ಲಿ ಕೊನೆಗೆ ಪ್ರಾರ್ಥನಾ ವಿಷಯ ಹಂಚಿಕೊಳ್ಳೋದು ಅಂತ ಇರುತ್ತೆ. ಮೊದಮೊದಲು ನಾನು ಮಳೆ, ಬೆಳೆ, ಮಕ್ಕಳ ಪರೀಕ್ಷೆ ಅಂತ ಹೇಳಿ ತಪ್ಪಿಸ್ಕೊಳ್ತಿದ್ದೆ. ಆಸ್ಪತ್ರೆ ಆದ್ಮೇಲೆ ಇವರ ಹತ್ರ ಮುಚ್ಚಿಡೋದೇನು ಅನ್ನಿಸಿ ಒಂದಿನ ಹೇಳಿಬಿಟ್ಟೆ, ನಮ್ಮನೆಯಲ್ಲಿ ನಂಟರೊಬ್ಬರು ನನ್ನ ಒಡವೆ ಅಡ ಇಟ್ಟು ವಾಪಸ್ ಬಿಡಿಸ್ಕೊಟ್ಟಿಲ್ಲ, ಅದಕ್ಕೆ ಪ್ರಾರ್ಥನೆ ಮಾಡಿ ಅಂತ. ಎಲ್ಲರೂ ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥನೆ ಮಾಡಿದ್ರು. ಮುಂದಿನ ಭಾನುವಾರ ವಾಕ್ಯ: ಒಡವೆ ವಸ್ತ್ರದ ಆಸೆ. ಹೆಸರು ಹೇಳ್ಲಿಲ್ಲ. ಹದಿನಾಲ್ಕು ಜನ ಇರೋ ಹಾಲಲ್ಲಿ ಹೆಸರು ಯಾಕೆ ಹೇಳ್ಬೇಕು, ಬ್ರದರ್ ಕುರ್ಚಿಗೂ ನನ್ನ ಕುರ್ಚಿಗೂ ನಾಲ್ಕಡಿ. ಒಂದು ಗಂಟೆ ಹತ್ತು ನಿಮಿಷ ನಾನು ಅವರ ಕಾಲ್ಬೆರಳು ನೋಡ್ಕೊಂಡು ಕೂತಿದ್ದೆ. ಮಂಗಳವಾರದ ಹೊತ್ತಿಗೆ ಆ ನಂಟರಿಗೂ ವಿಷಯ ಮುಟ್ಟಿತ್ತು, ಯಾರ ಮೂಲಕ ಅಂತ ನಾನು ಕೇಳೋಕೂ ಹೋಗ್ಲಿಲ್ಲ.

ಕೆಟ್ಟ ಮನುಷ್ಯನಾ ಅಂದ್ರೆ ಖಂಡಿತಾ ಅಲ್ಲ. ಪೇಪರ್ ಹಾಸ್ಕೊಂಡು ಮಲಗಿದ ಮನುಷ್ಯನೇ ಅವರು, ಅದೇ ಕಷ್ಟ. ವರಾಂಡದಲ್ಲಿ ಮೂರು ರಾತ್ರಿ ಮಲಗಿದೋರಿಗೆ ನನ್ನ ಬದುಕಿನ ಮೇಲೆ ಒಂದು ಹಕ್ಕು ಬಂದುಬಿಟ್ಟಿರುತ್ತೆ, ಅವರಿಗೂ ಹಂಗನ್ನಿಸುತ್ತೆ, ನಮಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಕಾಣಿಕೆ ಲೆಕ್ಕ ಅವರ ಡೈರಿಯಲ್ಲಿ ಪೆನ್ಸಿಲಲ್ಲಿ ಇರ್ತಿತ್ತು. ಕೇಳಿದ್ರೆ ತೋರಿಸೋರು, ಆದ್ರೆ ಕೇಳಿದೋರ ನಂಬಿಕೆ ಮೇಲೇ ಅನುಮಾನ. ದೊಡ್ಡ ಸಭೆಯಲ್ಲಿ ಕಮಿಟಿ, ಎಲೆಕ್ಷನ್, ಎಲೆಕ್ಷನ್ನಿಗೆ ಗುಂಪುಗಾರಿಕೆ, ಕೋರ್ಟು ಕಚೇರಿ ಎಲ್ಲಾ ಇದೆ, ನಮಗೆಲ್ಲಾ ಅಸಹ್ಯ ಹುಟ್ಟಿಸೋ ವಿಷಯ ಅದು. ಆದ್ರೆ ಜಗಳ ಆಡೋಕೆ ಅಲ್ಲೊಂದು ಜಾಗ ಇದೆ, ಜನರಲ್ ಬಾಡಿಯಲ್ಲಿ ಎದ್ದು ನಿಂತು ಲೆಕ್ಕ ಎಲ್ಲಿ ಅಂತ ಕೂಗ್ಬೋದು, ಮಧ್ಯಾಹ್ನ ಅದೇ ಜನದ ಜೊತೆ ಬಿರಿಯಾನಿ ತಿನ್ಬೋದು. ಹದಿನಾಲ್ಕು ಜನದಲ್ಲಿ ಹಂಗೆ ಕೂಗಿದ್ರೆ ಮನೆ ಒಡೆದಂಗೆ.

ಇದರ ನಡುವೆ 2020ರ ಲಾಕ್‌ಡೌನ್ ಬಂತು, ಫೋನಲ್ಲೇ ಪ್ರಾರ್ಥನೆ, ಅಜ್ಜಿಗೆ ಸ್ಮಾರ್ಟ್‌ಫೋನ್ ಇಲ್ಲ ಅಂತ ಬ್ರದರ್ ಹೆಂಡತಿ ಮಾಮೂಲಿ ಫೋನಿಂದ ಅವರಿಗೆ ಕಾಲ್ ಮಾಡಿ ಸ್ಪೀಕರ್ ಪಕ್ಕ ಇಡ್ತಿದ್ರು. ಅದು ಮುಗಿದು ಮತ್ತೆ ಕೂಡೋಕೆ ಶುರು ಮಾಡೋ ಹೊತ್ತಿಗೆ ಬೇರೆ ಥರದ ಗಾಳಿ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಮತಾಂತರ ತಡೆಯೋ ಮಸೂದೆ ಪಾಸಾಯ್ತು, ಮುಂದಿನ ವರ್ಷ ಕಾನೂನೂ ಆಯ್ತು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ಬಿದ್ದ ಕಲ್ಲು ನಮ್ಮಲ್ಲಿ ಯಾರೂ ಮರೆತಿರ್ಲಿಲ್ಲ. ನಮಗೆ ಯಾರೂ ಏನೂ ಮಾಡ್ಲಿಲ್ಲ, ಸುಳ್ಳು ಹೇಳ್ಬಾರ್ದು. ಓನರ್ ಒಂದಿನ ಮೆಟ್ಟಿಲ ಹತ್ರ ನಿಂತು, 'ಭಾನುವಾರ ಇಷ್ಟೊಂದು ಚಪ್ಪಲಿ ನೋಡಿ ಅಕ್ಕಪಕ್ಕದೋರು ಏನ್ ನಡೀತಿದೆ ಅಂತ ಕೇಳ್ತಾರೆ ಬ್ರದರ್, ನಂಗೇನಿಲ್ಲ' ಅಂದ್ರು. ಅವರೂ ಬ್ರದರ್ ಅಂತಾನೇ ಕರೀತಿದ್ರು. ಮುಂದಿನ ವಾರದಿಂದ ಅಜ್ಜಿ ಬಾಗಿಲಲ್ಲಿ ಒಂದು ಅಕ್ಕಿ ಚೀಲ ಹಿಡ್ಕೊಂಡು ನಿಂತ್ಕೊಳ್ತಿದ್ರು, ಎಲ್ಲರೂ ಚಪ್ಪಲಿ ಅದರೊಳಗೆ ಹಾಕಿ ಒಳಗೆ ಬರೋದು, ಚೀಲ ಸಿಂಕ್ ಕೆಳಗೆ. ಕೀಬೋರ್ಡ್ ನಿಂತೋಯ್ತು. ಚಪ್ಪಾಳೆ ಬೆರಳ ತುದಿಯಲ್ಲಿ. ಹೋಗುವಾಗ ಚೀಲ ಸುರಿದ್ರೆ ಜೋಡಿ ಹುಡುಕೋದೇ ಒಂದು ಹತ್ತು ನಿಮಿಷ. ಆರುನೂರು ಜನದ ಸಭೆಗೆ ಬಾಗಿಲಲ್ಲಿ ಬೋರ್ಡಿದೆ, ಗಂಟೆ ಇದೆ, ಗಂಟೆ ಬಾರಿಸಿದ್ರೂ ಯಾರೂ ಕೇಳಲ್ಲ. ಮನೆಯಲ್ಲಿ ಹದಿನಾಲ್ಕು ಜನ ಕೂತ್ರೆ ಅದು ಸುದ್ದಿ. ವಿದೇಶದೋರು ಮನೆಸಭೆ ಎಷ್ಟು ಸರಳ, ಎಷ್ಟು ಸಹಜ ಅಂತ ಯೂಟ್ಯೂಬಲ್ಲಿ ಹೇಳುವಾಗ ನನಗೆ ಆ ಚೀಲ ಕಣ್ಮುಂದೆ ಬರುತ್ತೆ.

ಒಡೆದಿದ್ದು ಹೊರಗಿನ ಭಯಕ್ಕಲ್ಲ ಆದ್ರೆ. ಬ್ರದರ್‌ಗೆ ಒಂದು ಹಾಲ್ ಬಾಡಿಗೆಗೆ ತಗೊಂಡು ಮೈಕ್ ಹಾಕಿ ದೊಡ್ಡ ಸೇವೆ ಮಾಡ್ಬೇಕು ಅಂತ ದರ್ಶನ. ಸಣ್ಣ ಸಭೆ ನಡೆಸೋರಲ್ಲಿ ಸಣ್ಣದಾಗೇ ಇರ್ಬೇಕು ಅನ್ನೋರನ್ನ ನಾನಂತೂ ಇನ್ನೂ ನೋಡಿಲ್ಲ, ಎಲ್ಲರಿಗೂ ಗೋಡೆ ಒಡೆಯೋ ಆಸೆ. ಅಡ್ವಾನ್ಸ್ ಯಾರು ಕೊಡ್ಬೇಕು, ಅಗ್ರಿಮೆಂಟ್ ಯಾರ ಹೆಸರಲ್ಲಿ ಅಂತ ಶುರುವಾಗಿ ನಾಲ್ಕು ವಾರಕ್ಕೆ ಮಾತು ಬಿಟ್ಟು ಹೋಯ್ತು. ಐದು ಜನ ಬೇರೆ ಕಡೆ ಹೋದ್ರು. ನಾನು ಯಾವ ಕಡೆಗೂ ಹೋಗದೇ ಮನೆಯಲ್ಲಿ ಕೂತೆ. ಈ ಸಲ ಯಾರೂ ಮೂಸಂಬಿ ತರ್ಲಿಲ್ಲ.

ಕಂಬದ ಪಕ್ಕ

2022ರ ಕೊನೆಗೆ ನಮ್ಮಮ್ಮ ತೀರ್ಕೊಂಡ್ರು. ಅದಾಗಿ ಎರಡು ವಾರಕ್ಕೆ ನಮ್ಮನೆಯವರ ಜೊತೆ ಸುಮ್ಮನೆ ಹಳೇ ಸಭೆಗೆ ಹೋದೆ, ಅದೇ ಹನ್ನೊಂದನೇ ಬೆಂಚು, ಕಂಬ. ಮೊದಲ ಸಂಗೀತಕ್ಕೇ ಅಳು ಬಂತು, ಮುಗಿಯೋವರೆಗೂ ಅಳ್ತಾನೇ ಇದ್ದೆ. ಯಾರೂ ತಿರುಗಿ ನೋಡ್ಲಿಲ್ಲ. ಯಾರೂ ತಲೆ ಮೇಲೆ ಕೈ ಇಟ್ಟು ಏನು ಸಿಸ್ಟರ್ ಭಾರ, ಹೇಳಿ, ಪ್ರಾರ್ಥನೆ ಮಾಡೋಣ ಅನ್ನಲಿಲ್ಲ. ಆರುನೂರು ಜನ ಎದ್ದು ಹಾಡಿದ್ರು, ನಾನು ಹಾಡದಿದ್ರೂ ಹಾಡು ನಡೀತು. ಮನೆಸಭೆಯಲ್ಲಿ ಹದಿನಾಲ್ಕರಲ್ಲಿ ಒಬ್ಬಳು ಸುಮ್ಮನಾದ್ರೆ ಹಾಡೇ ತೆಳ್ಳಗಾಗುತ್ತೆ, ಅದಕ್ಕೋಸ್ಕರಾನಾದ್ರೂ ಬಾಯಿ ತೆರೀಬೇಕು. ಆವತ್ತು ನಮ್ಮನೆಯವರ ಮಾತು ಅರ್ಥ ಆಯ್ತು. ಅವರಿಗೆ ಹೇಳ್ಲಿಲ್ಲ, ಹೇಳಿದ್ರೆ ವರ್ಷಗಟ್ಟಲೆ ಎತ್ತಾಡ್ತಾರೆ.

ಹಂಗಂತ ದೊಡ್ಡ ಸಭೆ ಈಗ ಚೆನ್ನಾಗಾಗಿದೆ ಅಂತಲ್ಲ. ಅಲ್ಲಿ ಒಬ್ಬರ ಹೆಸರು ಒಬ್ಬರಿಗೆ ತಿಳಿಯೋದು ವರ್ಷಕ್ಕೊಂದೇ ದಿನ, ಸುಗ್ಗಿ ಹಬ್ಬದ ಹರಾಜಿಗೆ. ಒಂದು ತೆಂಗಿನಕಾಯಿ ಎರಡು ಸಾವಿರಕ್ಕೆ ಹೋಗುತ್ತೆ, ಕೂಗೋರು ಮೈಕಲ್ಲಿ ಹೆಸರು ಹಿಡಿದು ಕರೀತಾರೆ, ಅಣ್ಣ ಬಿಟ್ಟುಕೊಡ್ಬೇಡಿ, ಅಕ್ಕ ಇನ್ನೊಂದು ಐನೂರು ಅಂತಾರೆ, ಯಾರದ್ದೋ ಕೋಳಿ ತಪ್ಪಿಸ್ಕೊಂಡು ಬೆಂಚಿನ ಕೆಳಗೆ ಓಡುತ್ತೆ, ಎಲ್ಲರೂ ನಗ್ತಾರೆ. ದುಡ್ಡಿರೋರ ಹೆಸರು ಮಾತ್ರ ಕೇಳಿಸೋದು, ಅದೂ ನಿಜ. ನಾನು ಈಗ ಎಡಗಡೆ ಕೂತೋರ ಹೆಸರು ಮೊದಲ ದಿನಾನೇ ಕೇಳ್ಬಿಡ್ತೀನಿ, ಕೆಲವರಿಗೆ ಮುಜುಗರ ಆಗುತ್ತೆ, ಒಬ್ಬ ಹುಡುಗಿ ಜಾಗ ಬದಲಾಯಿಸಿದಳು.

ಮದುವೆ, ಮಣ್ಣು

ಮನೆಸಭೆಗೆ ಹೋಗೋ ಎಷ್ಟೋ ಜನ ಹಳೇ ಸಭೆಯ ಮೆಂಬರ್‌ಶಿಪ್ ಬಿಡಲ್ಲ. ಕಾರಣ ಎರಡು. ಒಂದು ಮದುವೆ, 1872ರ ಕ್ರೈಸ್ತ ವಿವಾಹ ಕಾಯಿದೆ ಪ್ರಕಾರ ಮದುವೆ ಮಾಡಿಸೋರಿಗೆ ಅಧಿಕಾರ ಇರ್ಬೇಕು, ಮನೆಯಲ್ಲಿ ವಾಕ್ಯ ಹೇಳೋ ಎಲ್ಲ ಬ್ರದರ್‌ಗೂ ಅದು ಇರಲ್ಲ. ಇನ್ನೊಂದು ಮಣ್ಣು. ಬೆಂಗಳೂರಲ್ಲಿ ಸಿಮೆಟ್ರಿಯಲ್ಲಿ ಜಾಗ ಸಿಗೋದು ಸೈಟ್ ಸಿಕ್ಕಿದಂಗೆ, ಮನೆಯವರ ಹಳೇ ಗುಂಡಿ ಇದ್ರೆ ಅದನ್ನೇ ಮತ್ತೆ ತೆಗೆಸ್ತಾರೆ. ಕಟ್ಟಡ ಸಭೆಯಲ್ಲ, ಜನ ಸಭೆ ಅಂತ ಹೇಳೋರೆಲ್ಲಾ ಕೊನೆಗೆ ಆ ಕಟ್ಟಡದ ಆಫೀಸ್ ಮುಂದೆ ಬಂದು ನಿಲ್ಲಲೇಬೇಕು. ಇದನ್ನ ನಾನು ಕುಹಕಕ್ಕೆ ಹೇಳ್ತಿಲ್ಲ, ನಿಂತು ನೋಡಿದ್ದೀನಿ.

2024ರಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಬ್ರದರ್ ಫೋನ್ ಬಂತು, ಎರಡು ವರ್ಷದಲ್ಲಿ ಮೊದಲ ಸಲ. ಅಜ್ಜಿ ಹೋಗ್ಬಿಟ್ರು ಸಿಸ್ಟರ್ ಅಂದ್ರು. ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. ಆಮೇಲೆ, ನಿಮ್ಮ ಸಭೆ ಸಿಮೆಟ್ರಿಯಲ್ಲಿ ಏನಾದ್ರೂ ಆಗುತ್ತಾ, ಅಜ್ಜಿ ಗಂಡನ್ನ ಅಲ್ಲೇ ಇಟ್ಟಿರೋದಂತೆ, ಅವರೇ ಯಾವಾಗಲೋ ಹೇಳಿದ್ರು ಅಂದ್ರು. ನನಗೆ ಗೊತ್ತೇ ಇರ್ಲಿಲ್ಲ. ಐದು ವರ್ಷ ಅವರ ಕೈಯ ಚಪಾತಿ ತಿಂದಿದ್ದೀನಿ, ಅವರೂ ಒಂದು ಕಾಲಕ್ಕೆ ನಮ್ಮ ಸಭೆಯೋರೇ, ಬಹುಶಃ ಅದೇ ಬೆಂಚುಗಳಲ್ಲಿ ಕೂತೋರು ಅಂತ ನಾನು ಕೇಳಿರ್ಲಿಲ್ಲ, ಅವರು ಹೇಳಿರ್ಲಿಲ್ಲ. ಹದಿನಾಲ್ಕೇ ಜನ ಇದ್ವಿ.

ಆಫೀಸಲ್ಲಿ ಗುಮಾಸ್ತರು ಹಳೇ ರಿಜಿಸ್ಟರ್ ತೆಗೆದ್ರು, ರಟ್ಟಿಗೆ ಬಟ್ಟೆ ಅಂಟಿಸಿದ್ದು. ಎರಡು ಪುಸ್ತಕ ತಿರುವಿದ ಮೇಲೆ ಸಿಕ್ತು, ಗಂಡನ ಹೆಸರು, ಕೆಳಗೆ ಇವರದ್ದು, ಪಕ್ಕದ ಕಾಲಂನಲ್ಲಿ ತಿಂಗಳಿಗೆ 20 ರೂಪಾಯಿ ಚಂದಾ. ಹದಿನೇಳು ವರ್ಷ ಬಾಕಿ. ಬಾಕಿ ಇದ್ರೆ ಜಾಗ ಕೊಡೋಕಾಗಲ್ಲ ಮೇಡಂ, ರೂಲ್ಸು ಅಂದ್ರು, ಕೆಟ್ಟದಾಗೇನೂ ಅನ್ನಲಿಲ್ಲ. ಹಳೇ ರೇಟಲ್ಲೇ ಹಾಕ್ತೀನಿ ಬಿಡಿ ಅಂತ ಕ್ಯಾಲ್ಕುಲೇಟರ್ ಒತ್ತಿ 4,080 ಅಂತ ತೋರಿಸಿದ್ರು. ಗೂಗಲ್ ಪೇ ಇಲ್ಲ, ಕ್ಯಾಶ್ ಮಾತ್ರ. ಎಟಿಎಂಗೆ ಹೋಗಿ ಬಂದೆ. ಬ್ರದರ್ ಹೊರಗಡೆ ಮರದ ಕೆಳಗೆ ನಿಂತಿದ್ರು, ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ.

ರಸೀದಿ ಬರೆದಾದ್ಮೇಲೆ ಗುಮಾಸ್ತರು ಇನ್ನೊಂದು ಫಾರಂ ತೆಗೆದು ಕನ್ನಡಕ ಏರಿಸ್ಕೊಂಡ್ರು.

'ಅರ್ಜಿ ನಿಮ್ಮ ಹೆಸರಲ್ಲೇನಾ? ತೀರ್ಕೊಂಡೋರು ನಿಮಗೆ ಏನಾಗ್ಬೇಕು?'

ಬಾಯಿಗೆ ಮೊದಲು ಬಂದಿದ್ದು ಸಿಸ್ಟರ್ ಅಂತ. ನಾವು ಅಲ್ಲಿ ಒಬ್ಬರಿಗೊಬ್ಬರು ಹಂಗೇ ಅಂತಿದ್ದಿದ್ದು, ಅಜ್ಜೀನೂ ನನ್ನನ್ನ ಪ್ರಾರ್ಥನೆಯಲ್ಲಿ ಈ ಸಹೋದರಿ ಅಂತಾನೇ ಹೇಳ್ತಿದ್ರು. ಅವರು ರಿಜಿಸ್ಟರಲ್ಲಿ ಹುಟ್ಟಿದ ವರ್ಷ ನೋಡಿದ್ರು, ನನ್ನ ಮುಖ ನೋಡಿದ್ರು.

'ಸ್ವಂತ ಅಕ್ಕನಾ?'

'ಅಲ್ಲ ಸಾರ್. ನಮ್ಮ ಸಭೆಯೋರು.'

'ಸಭೆಯೋರು ಅಂತ ಬರೆಯೋಕಾಗಲ್ಲ ಮೇಡಂ, ಸಭೆಯೋರು ಅಂದ್ರೆ ಎಲ್ಲಾರೂ ಸಭೆಯೋರೇ. ಸಂಬಂಧ ಕೇಳಿದ್ದಾರೆ ಇಲ್ಲಿ.'

ನಾನು ಯೋಚ್ನೆ ಮಾಡ್ತಾ ನಿಂತೆ. ಹಿಂದೆ ಮದುವೆ ಪ್ರಕಟಣೆ ಬರೆಸೋಕೆ ಬಂದಿದ್ದ ಎರಡು ಕಡೆಯೋರು ಕಾಯ್ತಾ ಇದ್ರು. ಕೊನೆಗೆ ಗುಮಾಸ್ತರೇ ಪೆನ್ ತಗೊಂಡು ಆ ಕಾಲಂನಲ್ಲಿ 'ಪರಿಚಯದವರು' ಅಂತ ಬರೆದು, ಇಲ್ಲಿ ಸೈನ್ ಮಾಡಿ, ನಾಳೆ ಹನ್ನೊಂದಕ್ಕೆ ಗುಂಡಿ ರೆಡಿ ಇರುತ್ತೆ ಅಂದ್ರು.